ಬೇಕಾದಾಗ ಮಾಡುವ ಲೆಕ್ಕ, ಮಾಡಿದ ಲೆಕ್ಕದ ನೆನಪು

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಬಳಿಕ ಭತ್ತದ ಸೀಮೆಯಾಗಿ ಮಾರ್ಪಟ್ಟ ಸಿಂಧನೂರು ಭಾಗದಲ್ಲಿ, ಸುಗ್ಗಿಯಲ್ಲಿ ಖರೀದಿಸಿದ ಭತ್ತವನ್ನೆಲ್ಲ ಅದೇ ವಾರ ಅಕ್ಕಿ ಮಾಡಿಸುವ ಗಿರಣಿ ಮಾಲೀಕರು ವಿರಳ. ಹೊಟ್ಟಿನೊಳಗಿರುವ ಕಾಳು ಹುಳು ಮತ್ತು ತೇವವನ್ನು ತಡೆದುಕೊಂಡಷ್ಟು ಗಿರಣಿಯಿಂದ ಹೊರಬಂದ ಅಕ್ಕಿ ತಡೆದುಕೊಳ್ಳದು. ಮೇಲಾಗಿ ಯಾವ ಊರಿನ ವರ್ತಕರು ಎಷ್ಟು ಪಾಲಿಶ್, ಎಷ್ಟು ನುಚ್ಚು, ಎಷ್ಟು ತೂಕದ ಚೀಲ ಕೇಳುವರೆಂಬುದು ಬೇಡಿಕೆ ಬರುವವರೆಗೆ ತಿಳಿಯುವುದಿಲ್ಲ. ಆದಕಾರಣ ಭತ್ತವು ಗೋದಾಮಿನಲ್ಲಿ ಭತ್ತವಾಗಿಯೇ ಉಳಿಯುತ್ತದೆ. ಬೇಡಿಕೆ ಬಂದಾಗ ಬಂದಷ್ಟನ್ನು ಮಾತ್ರ ಗಿರಣಿಗೆ ಹಾಕಲಾಗುತ್ತದೆ. ಒಮ್ಮೆ ಅಕ್ಕಿ ಮಾಡಿಸಿದ ಲಾಟನ್ನು ಮತ್ತೊಮ್ಮೆ ಗಿರಣಿಗೆ ಹಾಕುವ ಪ್ರಶ್ನೆಯೂ ಇಲ್ಲ. ಅದು ಅಕ್ಕಿಯಾಗಿಯೇ ಸಿದ್ಧವಿರುತ್ತದೆ.

ಗಣಕಯಂತ್ರದ ಕ್ರಮವಿಧಿ ರಚನೆಯಲ್ಲಿ ಇವೇ ಎರಡು ಜಾಣತನಗಳಿಗೆ ಪ್ರತ್ಯೇಕ ಹೆಸರುಗಳಿವೆ. ಉತ್ತರ ಬೇಕೆಂದು ಯಾರಾದರೂ ಕೇಳುವವರೆಗೆ ಲೆಕ್ಕವನ್ನು ಮಾಡದಿರುವುದು ಲೇಜಿ ಇವ್ಯಾಲ್ಯುಯೇಶನ್. ಒಮ್ಮೆ ಮಾಡಿದ ಲೆಕ್ಕದ ಉತ್ತರವನ್ನು ಬರೆದಿಟ್ಟುಕೊಂಡು ಮುಂದೆ ಅದನ್ನೇ ಕೊಡುವುದು ಮೆಮೊಯೈಸೇಶನ್. ಮೊದಲಿನದನ್ನು ಶಬ್ದಶಃ ಸೋಮಾರಿ ಲೆಕ್ಕವೆನ್ನಬೇಕಾಗುತ್ತದೆ. ಆದರೆ ಗಿರಣಿ ಮಾಲೀಕರನ್ನು ಯಾರೂ ಸೋಮಾರಿಗಳೆನ್ನದ ಕಾರಣ ಇಲ್ಲಿ ಅದನ್ನು ಬೇಕಾದಾಗಿನ ಲೆಕ್ಕವೆಂದು ಕರೆಯುವುದು ಉಚಿತ. ಎರಡನೆಯ ಹೆಸರಿನಲ್ಲಿ ಒಂದು ಅಕ್ಷರ ಬಿಟ್ಟುಹೋಗಿದೆಯೆಂದು ಅನೇಕರು ಭಾವಿಸುತ್ತಾರೆ. ಅದು ಮುದ್ರಣದೋಷವಲ್ಲ. ಕಚೇರಿಗಳಲ್ಲಿ ನಿತ್ಯ ಓಡಾಡುವ ಮೆಮೊ, ಅಂದರೆ ಜ್ಞಾಪನಪತ್ರ, ಆ ಪದದ ಮೂಲ.

ಬಿಲ್ಲಿಂಗ್, ದಾಸ್ತಾನು, ತೆರಿಗೆ, ಪಾವತಿ ಎಲ್ಲವೂ ತಂತ್ರಾಂಶದ ಕೈಗೆ ಹೋಗಿರುವ ಈ ದಿನಗಳಲ್ಲಿ ಈ ಎರಡು ವಿಧಾನಗಳು ಯಾವಾಗ ಲಾಭ ತರುತ್ತವೆ, ಯಾವಾಗ ನಷ್ಟ ತರುತ್ತವೆ ಎಂಬುದನ್ನು ಕ್ರಮವಿಧಿ ಬರೆಯುವವರಷ್ಟೇ ಅಲ್ಲದೆ ಅದಕ್ಕೆ ಹಣ ಕೊಡುವ ವರ್ತಕರೂ ತಿಳಿದಿರುವುದು ಅವಶ್ಯ.

ಗೋಡೆಯ ಮೇಲಿನ ಕೋಷ್ಟಕ

ಗೊರೇಬಾಳದ ರೈತರೊಬ್ಬರು 180 ಚೀಲ ಭತ್ತ ತಂದರೆಂದು ಭಾವಿಸೋಣ. ಈ ಭಾಗದ ಮಾತುಕತೆಯಲ್ಲಿ ಚೀಲವೆಂದರೆ 75 ಕೆ.ಜಿ.; ಸರ್ಕಾರಿ ಖರೀದಿಯ ದರವಾದರೋ ಕ್ವಿಂಟಾಲ್ ಲೆಕ್ಕದ್ದು. 180 ಚೀಲಕ್ಕೆ 135 ಕ್ವಿಂಟಾಲ್. ಇದನ್ನು ನಿನ್ನೆ ಲೆಕ್ಕ ಹಾಕಿದರೂ ಇಂದು ಹಾಕಿದರೂ, ಗುಮಾಸ್ತರು ಹಾಕಿದರೂ ಮಾಲೀಕರು ಹಾಕಿದರೂ, ಉತ್ತರ ಒಂದೇ. ಹೀಗೆ ಕೊಟ್ಟ ಸಂಖ್ಯೆಯ ಹೊರತು ಬೇರಾವುದನ್ನೂ ಅವಲಂಬಿಸದೆ, ಹೊರಗೆ ಏನನ್ನೂ ಬದಲಿಸದೆ ಉತ್ತರ ಕೊಡುವ ಲೆಕ್ಕವನ್ನು ಶುದ್ಧ ಫಂಕ್ಷನ್ ಎನ್ನುತ್ತಾರೆ. ಇಡೀ ಕ್ರಮವಿಧಿಯನ್ನು ಆದಷ್ಟು ಇಂತಹ ಶುದ್ಧ ಫಂಕ್ಷನ್‌ಗಳಿಂದಲೇ ಕಟ್ಟುವ ಪದ್ಧತಿಗೆ ಫಂಕ್ಷನಲ್ ಪ್ರೋಗ್ರಾಮಿಂಗ್ ಎಂದು ಹೆಸರು.

ಶುದ್ಧವಾದ ಲೆಕ್ಕವನ್ನು ಎರಡು ಬಾರಿ ಮಾಡುವುದು ವ್ಯರ್ಥ. ಈ ಸತ್ಯ ವ್ಯಾಪಾರಿಗಳಿಗೆ ಗಣಕಯಂತ್ರಕ್ಕಿಂತ ಬಹಳ ಹಿಂದೆಯೇ ತಿಳಿದಿತ್ತು. ಐಗಳ ಮಠದಲ್ಲಿ ಕಾಲು, ಅರೆ, ಮುಕ್ಕಾಲರ ಮಗ್ಗಿಗಳನ್ನು ಬಾಯಿಪಾಠ ಮಾಡಿಸುತ್ತಿದ್ದುದು ಶಿಕ್ಷೆಗಾಗಿ ಅಲ್ಲ. ಗುಣಾಕಾರವನ್ನು ಜೀವನದಲ್ಲಿ ಒಮ್ಮೆ ಮಾಡಿ ಮುಗಿಸಿ, ಅಂಗಡಿಯಲ್ಲಿ ಉತ್ತರವನ್ನಷ್ಟೇ ನೆನಪಿಸಿಕೊಳ್ಳಲಿ ಎಂದು. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು ಕನ್ನಡದಲ್ಲಿ ‘ವ್ಯವಹಾರಗಣಿತ’ವೆಂಬ ಗ್ರಂಥ ರಚಿಸಿದನೆಂದರೆ ವಹಿವಾಟಿನ ಲೆಕ್ಕವು ಈ ನಾಡಿನಲ್ಲಿ ಎಷ್ಟು ಹಿಂದೆಯೇ ಶಾಸ್ತ್ರದ ಮಾನ್ಯತೆ ಪಡೆದಿತ್ತೆಂಬುದು ತಿಳಿಯುತ್ತದೆ. ಅಂಗಡಿಯ ಗೋಡೆಗೆ ಅಂಟಿಸಿದ ದರಪಟ್ಟಿ, ಬಡ್ಡಿ ಕೋಷ್ಟಕ, ರೆಡಿ ರೆಕನರ್ ಪುಸ್ತಕ ಇವೆಲ್ಲವೂ ಮೆಮೊಯೈಸೇಶನ್ನಿನ ಹಳೆಯ ರೂಪಗಳೇ.

ಗಣಕ ವಿಜ್ಞಾನದಲ್ಲಿ ಈ ಪದವನ್ನು ಬಳಕೆಗೆ ತಂದವರು ಬ್ರಿಟನ್ನಿನ ಡೊನಾಲ್ಡ್ ಮಿಕಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ಲೆಚ್ಲಿ ಪಾರ್ಕಿನಲ್ಲಿ ಗುಪ್ತಲಿಪಿ ಭೇದಿಸುವ ಕೆಲಸದಲ್ಲಿದ್ದು, ತದನಂತರ ಎಡಿನ್‌ಬರೊದಲ್ಲಿ ಯಂತ್ರಗಳಿಗೆ ಕಲಿಸುವ ಬಗೆಯನ್ನು ಅಭ್ಯಸಿಸಿದ ಅವರು 1968ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಮೆಮೊ ಫಂಕ್ಷನ್‌ಗಳ ಕುರಿತು ಲೇಖನ ಪ್ರಕಟಿಸಿದರು. ಫಂಕ್ಷನ್ನಿಗೆ ಒಂದು ನೆನಪಿನ ಪುಸ್ತಕ ಜೋಡಿಸಬೇಕು. ಪ್ರಶ್ನೆ ಬಂದಾಗ ಮೊದಲು ಪುಸ್ತಕ ನೋಡಬೇಕು. ಅಲ್ಲಿಲ್ಲದಿದ್ದರೆ ಮಾತ್ರ ಲೆಕ್ಕ ಮಾಡಿ, ಉತ್ತರವನ್ನು ಪುಸ್ತಕದಲ್ಲಿ ಬರೆದು, ಬಳಿಕ ಕೊಡಬೇಕು. ತಂತ್ರ ಇಷ್ಟೇ.

ಇಷ್ಟು ಸರಳವಾದುದರಿಂದ ಎಷ್ಟು ಉಳಿತಾಯವೆಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. ಒಂದು ಟನ್ ಅಕ್ಕಿಯನ್ನು 25 ಮತ್ತು 50 ಕೆ.ಜಿ. ಚೀಲಗಳಲ್ಲಿ ಒಂದಾದ ಮೇಲೊಂದರಂತೆ ಲಾರಿಗೆ ಏರಿಸಬೇಕಾಗಿದೆ. ಎಷ್ಟು ಬಗೆಯ ಕ್ರಮಗಳಲ್ಲಿ ಏರಿಸಬಹುದು? ಕೊನೆಯ ಚೀಲ 25ರದ್ದಾಗಿದ್ದರೆ ಅದಕ್ಕೂ ಮೊದಲು 975 ಕೆ.ಜಿ. ಏರಿರಬೇಕು, 50ರದ್ದಾಗಿದ್ದರೆ 950. ಆದ್ದರಿಂದ 1,000 ಕೆ.ಜಿ.ಯ ಕ್ರಮಗಳೆಂದರೆ 975ರ ಕ್ರಮಗಳು ಹಾಗೂ 950ರ ಕ್ರಮಗಳ ಮೊತ್ತ. ಅವುಗಳನ್ನೂ ಇದೇ ರೀತಿ ಒಡೆಯುತ್ತ ಹೋದರೆ ಕೊನೆಗೆ 25 ಕೆ.ಜಿ.ಗೆ ಒಂದೇ ಕ್ರಮ, 50 ಕೆ.ಜಿ.ಗೆ ಎರಡು ಕ್ರಮ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಹಾಗಾದರೆ 75ಕ್ಕೆ ಮೂರು, 100ಕ್ಕೆ ಐದು, 125ಕ್ಕೆ ಎಂಟು.

ಈ ನಿಯಮವನ್ನು ಇದ್ದಹಾಗೆಯೇ ಗಣಕಕ್ಕೆ ಕೊಟ್ಟರೆ ಅದು ವಿಚಿತ್ರವಾಗಿ ವರ್ತಿಸುತ್ತದೆ. 1,000ಕ್ಕಾಗಿ 975 ಮತ್ತು 950ನ್ನು ಕೇಳುತ್ತದೆ; 975ಕ್ಕಾಗಿ ಪುನಃ 950ನ್ನು ಮೊದಲಿನಿಂದ ಕೇಳುತ್ತದೆ; 925ನ್ನು ಮೂರು ಬಾರಿ, 900ನ್ನು ಐದು ಬಾರಿ. ಹೀಗೆ ಕೆಳಗಿಳಿದಂತೆಲ್ಲ ಪುನರಾವರ್ತನೆ ಉಬ್ಬುತ್ತ ಹೋಗಿ, ಒಟ್ಟು ಫಂಕ್ಷನ್ ಕರೆಗಳ ಸಂಖ್ಯೆ 20,46,68,309 ಆಗುತ್ತದೆ. ಆದರೆ ಇಲ್ಲಿರುವ ಬೇರೆ ಬೇರೆ ಪ್ರಶ್ನೆಗಳು ಕೇವಲ 40. ನೆನಪಿನ ಪುಸ್ತಕವೊಂದನ್ನು ಜೋಡಿಸಿದರೆ 38 ಕೂಡುವಿಕೆಗಳಲ್ಲಿ ಕೆಲಸ ಮುಗಿದು 16,55,80,141 ಎಂಬ ಉತ್ತರ ದೊರೆಯುತ್ತದೆ. ಇಪ್ಪತ್ತು ಕೋಟಿ ಎಲ್ಲಿ, ಮೂವತ್ತೆಂಟು ಎಲ್ಲಿ! ಯಂತ್ರ ಬದಲಿಸಿಲ್ಲ, ನಿಯಮ ಬದಲಿಸಿಲ್ಲ. ಬರೆದಿಟ್ಟುಕೊಳ್ಳುವ ಅಭ್ಯಾಸವೊಂದನ್ನು ಕಲಿಸಲಾಗಿದೆ.

ಲಾರಿ ತುಂಬುವ ಹಮಾಲರಿಗೆ ಈ ಸಂಖ್ಯೆಯಿಂದ ಕವಡೆಯ ಪ್ರಯೋಜನವಿಲ್ಲವೆಂಬುದು ನಿಜ. ಆದರೆ ಛಂದಸ್ಸು ಓದಿದವರು ಈ ಸರಣಿಯನ್ನು ಗುರುತಿಸಬಲ್ಲರು. 25ರ ಚೀಲವನ್ನು ಲಘುವೆಂದೂ 50ರದನ್ನು ಗುರುವೆಂದೂ ತಿಳಿದರೆ, ಇಷ್ಟು ಮಾತ್ರೆಗಳ ಸಾಲಿನಲ್ಲಿ ಎಷ್ಟು ವಿನ್ಯಾಸಗಳೆಂಬ ಪ್ರಶ್ನೆಯೇ ಇದು. ಯುರೋಪಿನಲ್ಲಿ ಫಿಬೊನಾಚಿ 1202ರಲ್ಲಿ ಬರೆದ ಸರಣಿಯನ್ನು ಭಾರತದ ಛಂದಶ್ಶಾಸ್ತ್ರಜ್ಞರಾದ ವಿರಹಾಂಕ, ಹೇಮಚಂದ್ರ ಮೊದಲಾದವರು ಅದಕ್ಕೂ ಮೊದಲೇ ಹೇಳಿದ್ದರು. ಇಂದು ಕನಿಷ್ಠ ವೆಚ್ಚದ ಸಾಗಣೆ ಮಾರ್ಗ, ತಗಡು ಅಥವಾ ಬಟ್ಟೆಯನ್ನು ಕನಿಷ್ಠ ನಷ್ಟದಲ್ಲಿ ಕತ್ತರಿಸುವ ಬಗೆ, ದಾಸ್ತಾನಿನ ಪ್ರಮಾಣ ಇತ್ಯಾದಿ ಉದ್ಯಮದ ಪ್ರಶ್ನೆಗಳನ್ನು ಬಿಡಿಸುವಲ್ಲಿಯೂ ಇದೇ ತತ್ತ್ವವಿದೆ. ದೊಡ್ಡ ಪ್ರಶ್ನೆಯನ್ನು ಸಣ್ಣವಾಗಿ ಒಡೆದು, ಸಣ್ಣದರ ಉತ್ತರವನ್ನು ಒಮ್ಮೆ ಮಾತ್ರ ಕಂಡುಹಿಡಿಯುವುದು.

ಕೇಳದಿದ್ದರೆ ಮಾಡಬೇಡ

ಇನ್ನು ಬೇಕಾದಾಗಿನ ಲೆಕ್ಕದ ವಿಷಯ. ಬಹುತೇಕ ಕ್ರಮವಿಧಿ ಭಾಷೆಗಳಲ್ಲಿ ಒಂದು ಫಂಕ್ಷನ್ನಿಗೆ ಮೌಲ್ಯಗಳನ್ನು ಕೊಡುವ ಮೊದಲೇ ಅವನ್ನೆಲ್ಲ ಲೆಕ್ಕ ಹಾಕಲಾಗುತ್ತದೆ. ಭತ್ತದ ಲಾರಿ ಖರೀದಿ ಕೇಂದ್ರಕ್ಕೆ ಬಂದಿದೆ. ಹಮಾಲಿ, ಚೀಲದ ತೂಕ, ಸಾಗಣೆ, ಪಾವತಿ ಮೊತ್ತ ಎಲ್ಲವನ್ನೂ ಗುಮಾಸ್ತರು ಬರೆದು ಮುಗಿಸಿದ ಮೇಲೆ ತೇವಾಂಶ ಪರೀಕ್ಷೆ ನಡೆಯುತ್ತದೆ. ತೇವಾಂಶ ಶೇ. 17ನ್ನು ಮೀರಿದೆಯೆಂದು ಲಾಟು ತಿರಸ್ಕೃತವಾದರೆ ಬರೆದದ್ದೆಲ್ಲ ವ್ಯರ್ಥ. ಬೇಕಾದಾಗಿನ ಲೆಕ್ಕದ ಭಾಷೆಯಲ್ಲಿ ಹಾಗಲ್ಲ. ಅಲ್ಲಿ ಪ್ರತಿಯೊಂದು ಬಾಬ್ತಿಗೂ ‘ಕೇಳಿದರೆ ಹೀಗೆ ಲೆಕ್ಕ ಹಾಕಬೇಕು’ ಎಂಬ ಚೀಟಿಯೊಂದನ್ನು ಮಾತ್ರ ಬರೆದಿಡಲಾಗುತ್ತದೆ. ತೇವಾಂಶ ಹೆಚ್ಚಾಗಿದ್ದರೆ ಉಳಿದ ಚೀಟಿಗಳನ್ನು ಯಾರೂ ಬಿಡಿಸಿ ನೋಡುವುದೇ ಇಲ್ಲ.

ಈ ವಿಚಾರ ಒಮ್ಮೆಲೇ ರೂಪುಗೊಂಡದ್ದಲ್ಲ. ಆಲ್ಗಾಲ್ 60 ಎಂಬ ಭಾಷೆಯಲ್ಲಿ, ಕೊಟ್ಟ ಅಭಿವ್ಯಕ್ತಿಯನ್ನು ಬೇಕಾದಾಗ ಮಾತ್ರ ಲೆಕ್ಕಹಾಕುವ ಕ್ರಮವೊಂದಿತ್ತು. ಆದರೆ ಅದೇ ಮೌಲ್ಯ ಹತ್ತು ಬಾರಿ ಬೇಕಾದರೆ ಹತ್ತು ಬಾರಿಯೂ ಲೆಕ್ಕ ಮಾಡಬೇಕಾಗುತ್ತಿತ್ತು. ಮುಂದೂಡಿದ್ದರಿಂದ ಉಳಿಸಿದ ಶ್ರಮವೆಲ್ಲ ಪುನರಾವರ್ತನೆಯಲ್ಲಿ ಸೋರಿಹೋಗುತ್ತಿತ್ತು. 1971ರಲ್ಲಿ ಆಕ್ಸ್‌ಫರ್ಡಿನ ಕ್ರಿಸ್ಟೊಫರ್ ವಾಡ್ಸ್‌ವರ್ತ್ ತಮ್ಮ ಸಂಶೋಧನಾ ಪ್ರಬಂಧದಲ್ಲಿ ಇದಕ್ಕೆ ಪರಿಹಾರ ತೋರಿದರು: ಚೀಟಿಯನ್ನು ಮೊದಲ ಬಾರಿ ಬಿಡಿಸಿದಾಗ ಬಂದ ಉತ್ತರವನ್ನು ಆ ಚೀಟಿಯ ಸ್ಥಾನದಲ್ಲಿಯೇ ಬರೆದುಬಿಡಬೇಕು, ಆ ಚೀಟಿಯನ್ನು ಹಿಡಿದಿರುವ ಎಲ್ಲರಿಗೂ ಮುಂದೆ ಸಿದ್ಧ ಉತ್ತರವೇ ದೊರೆಯಬೇಕು. ಅಂದರೆ ಬೇಕಾದಾಗಿನ ಲೆಕ್ಕದ ಒಡಲಲ್ಲಿಯೇ ಒಂದು ಚಿಕ್ಕ ಪ್ರಮಾಣದ ಮೆಮೊಯೈಸೇಶನ್ ಅಡಗಿದೆ. ಅದಿಲ್ಲದೆ ಮುಂದೂಡಿಕೆ ಲಾಭದಾಯಕವಾಗದು.

1976ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ, ಒಂದರಲ್ಲಿ ಪೀಟರ್ ಹೆಂಡರ್ಸನ್ ಮತ್ತು ಜೇಮ್ಸ್ ಮಾರಿಸ್, ಇನ್ನೊಂದರಲ್ಲಿ ಡೇನಿಯಲ್ ಫ್ರೀಡ್‌ಮನ್ ಮತ್ತು ಡೇವಿಡ್ ವೈಸ್, ಈ ತತ್ತ್ವವನ್ನು ಪಟ್ಟಿಗಳಂತಹ ದತ್ತಾಂಶಕ್ಕೂ ವಿಸ್ತರಿಸಿದರು. ಡೇವಿಡ್ ಟರ್ನರ್ ಅವರ 1985ರ ಮಿರಾಂಡ ಈ ಬಗೆಯ ಭಾಷೆಗಳಲ್ಲಿ ಹೆಸರು ಗಳಿಸಿತು. ಇಂತಹ ಭಾಷೆಗಳು ಹತ್ತಾರಾದಾಗ, ಎಲ್ಲರೂ ಸೇರಿ ಬಳಸಬಹುದಾದ ಒಂದನ್ನು ರೂಪಿಸಲು 1987ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಸಮ್ಮೇಳನದಲ್ಲಿ ಸಮಿತಿಯೊಂದು ರಚನೆಯಾಯಿತು. 1990ರಲ್ಲಿ ಅದರ ಮೊದಲ ವರದಿ ಹೊರಬಂದಿತು. ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿ ಅವರ ನೆನಪಿಗೆ ಆ ಭಾಷೆಗೆ ಹ್ಯಾಸ್ಕೆಲ್ ಎಂದೇ ಹೆಸರಿಡಲಾಯಿತು.

ಹ್ಯಾಸ್ಕೆಲ್‌ನಲ್ಲಿ ಹದಿನೇಳರ ಮಗ್ಗಿಯನ್ನು ಕೊನೆಯೇ ಇಲ್ಲದಂತೆ ಬರೆಯಬಹುದು. ಬೇರೆ ಭಾಷೆಯಲ್ಲಾದರೆ ಯಂತ್ರ ಅಲ್ಲಿಯೇ ಸಿಕ್ಕಿಹಾಕಿಕೊಂಡೀತು. ಇಲ್ಲಿ ಐದನೆಯ ಸಾಲು ಬೇಕೆಂದಾಗ ಐದು ಸಾಲುಗಳಷ್ಟೇ ಹುಟ್ಟುತ್ತವೆ. ಇದು ಚಮತ್ಕಾರವಷ್ಟೇ ಆಗಿದ್ದರೆ ವರ್ತಕರಿಗೆ ಹೇಳುವ ಅಗತ್ಯವಿರಲಿಲ್ಲ. ಜಾನ್ ಹ್ಯೂಸ್ 1989ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನವೊಂದರಲ್ಲಿ ಇದರ ನಿಜವಾದ ಪ್ರಯೋಜನವನ್ನು ವಿವರಿಸಿದರು: ಸರಕನ್ನು ಉತ್ಪಾದಿಸುವ ಭಾಗ ಮತ್ತು ಎಷ್ಟು ಸಾಕೆಂದು ತೀರ್ಮಾನಿಸುವ ಭಾಗಗಳನ್ನು ಬೇರೆ ಬೇರೆಯಾಗಿ ಬರೆದು ಜೋಡಿಸಬಹುದು. ಗಿರಣಿಯ ಯಂತ್ರಕ್ಕೆ ಬೇಡಿಕೆಯ ವಿವರ ತಿಳಿದಿರಬೇಕಿಲ್ಲ. ಮಾರಾಟ ವಿಭಾಗಕ್ಕೆ ಯಂತ್ರದ ಒಳರಚನೆ ತಿಳಿದಿರಬೇಕಿಲ್ಲ. ಒಂದನ್ನು ಬದಲಿಸಿದರೆ ಇನ್ನೊಂದನ್ನು ಮುಟ್ಟಬೇಕಿಲ್ಲ.

ಇಲ್ಲಿ ಒಂದು ತಪ್ಪು ಗ್ರಹಿಕೆಯನ್ನು ನಿವಾರಿಸಬೇಕು. ಹ್ಯಾಸ್ಕೆಲ್ ಬಳಸಿದೊಡನೆ ಎಲ್ಲ ಉತ್ತರಗಳೂ ತಾವಾಗಿಯೇ ನೆನಪಿನಲ್ಲಿ ಉಳಿಯುತ್ತವೆಯೆಂಬುದು ಸರಿಯಲ್ಲ. ಹೆಸರಿಟ್ಟು ಹಂಚಿಕೊಂಡ ಒಂದು ಚೀಟಿಯ ಉತ್ತರ ಉಳಿಯುತ್ತದೆ. ಆದರೆ ಅದೇ ಫಂಕ್ಷನ್ನನ್ನು ಅದೇ ಸಂಖ್ಯೆಗಾಗಿ ಬೇರೊಂದೆಡೆಯಿಂದ ಕರೆದರೆ ಅದು ಹೊಸ ಚೀಟಿ. ಲೆಕ್ಕ ಮತ್ತೆ ಮೊದಲಿನಿಂದ. ಮೇಲಿನ ಚೀಲಗಳ ಲೆಕ್ಕವನ್ನು ಹ್ಯಾಸ್ಕೆಲ್‌ನಲ್ಲಿ ನೇರವಾಗಿ ಬರೆದರೂ ಇಪ್ಪತ್ತು ಕೋಟಿ ಕರೆಗಳ ಪಾಡು ತಪ್ಪುವುದಿಲ್ಲ. 40 ಉತ್ತರಗಳ ಪಟ್ಟಿಯೊಂದಕ್ಕೆ ಹೆಸರಿಟ್ಟು, ಪ್ರತಿ ಉತ್ತರವೂ ಆ ಪಟ್ಟಿಯ ಹಿಂದಿನ ಎರಡನ್ನು ನೋಡುವಂತೆ ಬರೆದಾಗ ಮಾತ್ರ ಎರಡು ಗುಣಗಳೂ ಕೂಡಿ ಬರುತ್ತವೆ.

ಚೀಟಿಗಳ ರಾಶಿ

ಮುಂದೂಡುವುದಕ್ಕೂ ಬೆಲೆ ಇದೆ. ಅಡತ್ತಿ ಅಂಗಡಿಯ ಉದ್ರಿ ಖಾತೆಯನ್ನು ತಿಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರೈತರು ಮುಂಗಾರಿನಲ್ಲಿ ಗೊಬ್ಬರಕ್ಕೆಂದು 20,000 ರೂಪಾಯಿ ಪಡೆಯುತ್ತಾರೆ. ಆಮೇಲೆ ಔಷಧಿಗೆ ಸ್ವಲ್ಪ, ನಾಟಿಯ ಕೂಲಿಗೆ ಸ್ವಲ್ಪ. ಬಡ್ಡಿಯನ್ನು ಯಾರೂ ದಿನಂಪ್ರತಿ ಬರೆಯುವುದಿಲ್ಲ. ಸುಗ್ಗಿ ಮುಗಿದು ಲೆಕ್ಕ ಚುಕ್ತಾ ಮಾಡಲು ಬಂದ ದಿನ, ನೂರಕ್ಕೆ ತಿಂಗಳಿಗೆ ಒಂದೂವರೆ ರೂಪಾಯಿಯೆಂದರೆ ಮೊದಲ ಬಾಬ್ತಿಗೆ ಐದು ತಿಂಗಳಿಗೆ 1,500 ಎಂದು ಒಟ್ಟಿಗೆ ಬರೆಯಲಾಗುತ್ತದೆ. ಇದರಿಂದ ನೂರಾರು ನಮೂದುಗಳ ಶ್ರಮ ಉಳಿಯಿತು ನಿಜ. ಆದರೆ ಚುಕ್ತಾ ಆಗುವವರೆಗೆ ಪ್ರತಿಯೊಂದು ಚೀಟಿಯನ್ನೂ ಜೋಪಾನವಾಗಿ ಇಟ್ಟುಕೊಂಡಿರಬೇಕು. ಒಂದೇ ಮೊತ್ತವಾಗಿ ಒಂದು ಸಾಲಿನಲ್ಲಿ ಮುಗಿಯಬಹುದಾಗಿದ್ದ ಖಾತೆ ಇಡೀ ಪೆಟ್ಟಿಗೆಯನ್ನು ತುಂಬುತ್ತದೆ. ಮೇಲಾಗಿ ಆಷಾಢದಲ್ಲಿ ಬರೆದ ಚೀಟಿಯಲ್ಲಿ ಒಂದು ಸೊನ್ನೆ ಹೆಚ್ಚಾಗಿದ್ದರೆ ಅದು ತಿಳಿಯುವುದು ಚುಕ್ತಾದ ದಿನವೇ; ಅಷ್ಟರಲ್ಲಿ ಬರೆದವರಿಗೂ ಪಡೆದವರಿಗೂ ಅದು ಮರೆತುಹೋಗಿರುತ್ತದೆ. ಅಂಗಡಿಗೂ ರೈತರಿಗೂ ನಡುವಿನ ಮನಸ್ತಾಪ ಎಷ್ಟೋ ವೇಳೆ ಹುಟ್ಟುವುದು ಇಲ್ಲಿ.

ಬೇಕಾದಾಗಿನ ಲೆಕ್ಕದ ಭಾಷೆಗಳನ್ನು ಕಾಡುವ ದೋಷಗಳೂ ಇವೇ ಎರಡು. ಹತ್ತು ಲಕ್ಷ ನಮೂದುಗಳನ್ನು ಕೂಡಲು ಹೇಳಿದಾಗ, ಅಜಾಗರೂಕವಾಗಿ ಬರೆದ ಕ್ರಮವಿಧಿಯು ಕೂಡುವ ಬದಲು ‘ಕೂಡಬೇಕಾಗಿದೆ’ ಎಂಬ ಹತ್ತು ಲಕ್ಷ ಚೀಟಿಗಳನ್ನು ಸ್ಮೃತಿಕೋಶದಲ್ಲಿ ಪೇರಿಸಬಹುದು. ಒಂದು ಸಂಖ್ಯೆಗೆ ಸಾಕಾಗುತ್ತಿದ್ದ ಸ್ಥಳದಲ್ಲಿ ಯಂತ್ರದ ಸ್ಮೃತಿಯೇ ಮುಗಿಯುತ್ತದೆ. ತಜ್ಞರು ಇದನ್ನು ಸ್ಥಳದ ಸೋರಿಕೆ ಎನ್ನುತ್ತಾರೆ. ತಪ್ಪಿನ ಮೂಲ ಒಂದೆಡೆ, ಅದು ಬಯಲಾಗುವ ಸ್ಥಳ ಇನ್ನೊಂದೆಡೆ ಎಂಬ ತೊಂದರೆಯೂ ಉಂಟು. ಆದಕಾರಣವೇ ಹ್ಯಾಸ್ಕೆಲ್‌ನಲ್ಲಿ ‘ಇದನ್ನು ಮುಂದೂಡದೆ ಈಗಲೇ ಲೆಕ್ಕ ಹಾಕು’ ಎಂದು ಗುರುತು ಹಾಕುವ ಸೌಲಭ್ಯವಿದೆ. ಅನುಭವಿಗಳು ಮೊತ್ತ, ಎಣಿಕೆ, ಶಿಲ್ಕುಗಳಿಗೆ ಅದನ್ನು ತಪ್ಪದೆ ಬಳಸುತ್ತಾರೆ. ಜಾವಾ, ಪೈಥಾನ್ ಮೊದಲಾದ ಭಾಷೆಗಳು ತದ್ವಿರುದ್ಧ ದಾರಿ ಹಿಡಿದಿವೆ. ಅಲ್ಲಿ ಸಾಮಾನ್ಯವಾಗಿ ಎಲ್ಲವೂ ಕೂಡಲೇ ಲೆಕ್ಕವಾಗುತ್ತದೆ. ಮುಂದೂಡಿಕೆ ಬೇಕಾದವರು ಕೇಳಿ ಪಡೆಯಬೇಕು. ವ್ಯಾಪಾರಿ ತಂತ್ರಾಂಶದ ಮಟ್ಟಿಗೆ ಈ ಎರಡನೆಯ ದಾರಿಯೇ ಹೆಚ್ಚು ಸುರಕ್ಷಿತವೆನ್ನುವವರ ಮಾತಿನಲ್ಲಿ ಹುರುಳಿಲ್ಲದಿಲ್ಲ.

ಹಳಸಿದ ನೆನಪು

ಮೆಮೊಯೈಸೇಶನ್ನಿನ ಅಪಾಯ ಇನ್ನೂ ಹೆಚ್ಚು ಕಪಟಿ. ಯಂತ್ರ ನಿಲ್ಲುವುದಿಲ್ಲ, ದೋಷಸೂಚನೆ ಬರುವುದಿಲ್ಲ. ಬಹು ವೇಗವಾಗಿ ತಪ್ಪು ಉತ್ತರ ಬರುತ್ತದೆ.

2024–25ರ ಮುಂಗಾರು ಹಂಗಾಮಿಗೆ ಎ ದರ್ಜೆಯ ಭತ್ತಕ್ಕೆ ಕೇಂದ್ರ ಸರ್ಕಾರ ನಿಗದಿಪಡಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 2,320 ರೂಪಾಯಿ. 75ರ ಚೀಲಕ್ಕೆ 1,740. ಲೆಕ್ಕ ಅಚ್ಚುಕಟ್ಟಾಗಿರುವುದರಿಂದ ‘ಚೀಲಕ್ಕೆ 1,740’ ಎಂದು ಗೋಡೆಯ ಮೇಲೆಯೋ ತಂತ್ರಾಂಶದಲ್ಲಿಯೋ ಬರೆದಿಡುವುದು ಸಹಜ. 2025–26ಕ್ಕೆ ಬೆಲೆ 2,389 ಆಯಿತು. ಚೀಲಕ್ಕೆ 1,791 ರೂಪಾಯಿ 75 ಪೈಸೆ. ಹಳೆಯ ನೆನಪಿನ ಮೇಲೆಯೇ ಲೆಕ್ಕಪಟ್ಟಿ ಮಾಡಿದರೆ ಗೊರೇಬಾಳದ ಆ 180 ಚೀಲಗಳ ಮೇಲೆ 9,315 ರೂಪಾಯಿಯ ಖೋತಾ. ಚೀಲದಿಂದ ಕ್ವಿಂಟಾಲಿಗೆ ಪರಿವರ್ತಿಸುವ ಲೆಕ್ಕ ಶುದ್ಧವಾದದ್ದು, ಅದನ್ನು ಎಂದೆಂದಿಗೂ ನೆನಪಿಟ್ಟುಕೊಳ್ಳಬಹುದು. ಬೆಲೆಯ ಲೆಕ್ಕ ಶುದ್ಧವಾದಂತೆ ಕಾಣುತ್ತದೆ, ಆದರೆ ಅಲ್ಲ. ಅದು ಹಂಗಾಮು ಎಂಬ ಇನ್ನೊಂದು ಅಂಶವನ್ನು ಗುಟ್ಟಾಗಿ ಅವಲಂಬಿಸಿದೆ.

ಜಿ.ಎಸ್.ಟಿ. ವಿಷಯದಲ್ಲಿ ಇದಕ್ಕಿಂತ ಸೂಕ್ಷ್ಮವಾದ ಪ್ರಸಂಗ ನಡೆದಿದೆ. 2022ರ ಜುಲೈ 18ಕ್ಕೆ ಮೊದಲು ಅಕ್ಕಿಯ ಮೇಲಿನ ತೆರಿಗೆ ನಿಂತಿದ್ದುದು ಮುಖ್ಯವಾಗಿ ನೋಂದಾಯಿತ ಬ್ರ್ಯಾಂಡ್ ಇದೆಯೋ ಇಲ್ಲವೋ ಎಂಬುದರ ಮೇಲೆ. ಆ ದಿನದಿಂದ ಪ್ರಶ್ನೆಯೇ ಬದಲಾಯಿತು. ಮುಂಚಿತವಾಗಿ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕೆ.ಜಿ.ವರೆಗಿನ ಚೀಲವಾದರೆ ಶೇ. 5, ಅದಕ್ಕೂ ದೊಡ್ಡ ಚೀಲವಾದರೆ ಇಲ್ಲ. ಅಂಗಡಿಗಳಲ್ಲಿ 26 ಕೆ.ಜಿ. ಚೀಲಗಳು ಕಾಣಸಿಗುವುದರ ಮರ್ಮ ಗಿರಣಿ ಮಾಲೀಕರಿಗೆ ತಿಳಿಯದ್ದೇನಲ್ಲ. ಗಣಕದ ದೃಷ್ಟಿಯಿಂದ ನೋಡಿದರೆ ಇಲ್ಲಿ ಬದಲಾದದ್ದು ಉತ್ತರ ಮಾತ್ರವಲ್ಲ, ಉತ್ತರಕ್ಕೆ ಬೇಕಾದ ಮಾಹಿತಿಯೂ ಬದಲಾಯಿತು. ಸರಕಿನ ಹೆಸರು ಮತ್ತು ಬ್ರ್ಯಾಂಡನ್ನು ನೋಡಿ ತೆರಿಗೆಯನ್ನು ನೆನಪಿಟ್ಟುಕೊಂಡಿದ್ದ ತಂತ್ರಾಂಶಕ್ಕೆ ಚೀಲದ ತೂಕವನ್ನು ಕೇಳಬೇಕೆಂಬುದೇ ತಿಳಿದಿರಲಿಲ್ಲ. ನೆನಪಿನ ಪುಸ್ತಕವನ್ನು ಅಳಿಸಿ ಹೊಸದಾಗಿ ತುಂಬಿದರೂ ಪ್ರಯೋಜನವಿಲ್ಲ. ಪುಸ್ತಕದ ಕಾಲಮ್ಮುಗಳೇ ಬದಲಾಗಬೇಕು.

ಇದಕ್ಕೆ ಫಂಕ್ಷನಲ್ ಪ್ರೋಗ್ರಾಮಿಂಗ್ ಸೂಚಿಸುವ ಪರಿಹಾರ ನಿಷ್ಠುರವಾದದ್ದು, ಆದರೆ ಸರಿಯಾದದ್ದು. ಉತ್ತರವು ಯಾವ ಯಾವುದನ್ನು ಅವಲಂಬಿಸಿದೆಯೋ ಅದೆಲ್ಲವನ್ನೂ ಪ್ರಶ್ನೆಯಲ್ಲಿಯೇ ಸೇರಿಸಬೇಕು. ‘25 ಕೆ.ಜಿ. ಅಕ್ಕಿಗೆ ತೆರಿಗೆ ಎಷ್ಟು’ ಎಂದು ಕೇಳಬಾರದು. ‘2022ರ ಜುಲೈ 20ರಂದು ಲೇಬಲ್ ಇರುವ 25 ಕೆ.ಜಿ. ಚೀಲಕ್ಕೆ ಎಷ್ಟು’ ಎಂದು ಕೇಳಬೇಕು. ಆ ಪ್ರಶ್ನೆಯ ಉತ್ತರ ಹತ್ತು ವರ್ಷಗಳ ಬಳಿಕ ಆಡಿಟ್ ಬಂದಾಗಲೂ ಬದಲಾಗದು, ಆದ್ದರಿಂದ ನಿಶ್ಚಿಂತೆಯಿಂದ ನೆನಪಿಟ್ಟುಕೊಳ್ಳಬಹುದು. ದಿನಾಂಕವನ್ನು ಸೇರಿಸಿದರೆ ಪುಸ್ತಕ ಬೆಳೆಯುತ್ತದೆಂಬ ಆಕ್ಷೇಪವುಂಟು. ಬಹುಕಾಲದಿಂದ ಯಾರೂ ಕೇಳದ ಉತ್ತರಗಳನ್ನು ಅಳಿಸಿಹಾಕುವ ಸೌಲಭ್ಯ ಪೈಥಾನ್ ಭಾಷೆಯ ಗ್ರಂಥಾಲಯದಲ್ಲಿ 2011ರಿಂದಲೇ ಸಿದ್ಧವಾಗಿ ದೊರೆಯುತ್ತದೆ. ಶುದ್ಧ ಲೆಕ್ಕದ ಉತ್ತರ ಅಳಿಸಿಹೋದರೆ ನಷ್ಟವಿಲ್ಲ, ಮತ್ತೊಮ್ಮೆ ಮಾಡಿದರಾಯಿತು.

ಬೆಂಗಳೂರಿನ ನಿದರ್ಶನ

ಇಂತಹ ಭಾಷೆಗಳು ವಿಶ್ವವಿದ್ಯಾಲಯಗಳಿಗೆ ಸೀಮಿತವೆಂಬ ಭಾವನೆ ಬಹುಕಾಲವಿತ್ತು. ರಾಜಧಾನಿಯಲ್ಲಿಯೇ ಅದನ್ನು ಸುಳ್ಳಾಗಿಸುವ ನಿದರ್ಶನವಿದೆ. 2012ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪಾವತಿ ತಂತ್ರಜ್ಞಾನ ಸಂಸ್ಥೆ ಜಸ್‌ಪೇ ತನ್ನ ವ್ಯವಸ್ಥೆಗಳಲ್ಲಿ ಹ್ಯಾಸ್ಕೆಲ್ ಭಾಷೆಯನ್ನು ವ್ಯಾಪಕವಾಗಿ ಬಳಸಿದೆ. ಅದೇ ಸಂಸ್ಥೆ ರೂಪಿಸಿ 2022ರಲ್ಲಿ ಬೆಂಗಳೂರಿನ ಆಟೋ ಚಾಲಕರಿಗಾಗಿ ಆರಂಭವಾದ ‘ನಮ್ಮ ಯಾತ್ರಿ’ ಸೇವೆ ಪ್ರತಿ ಸವಾರಿಗೆ ಕಮಿಷನ್ ಕಡಿತ ಮಾಡುವ ಪದ್ಧತಿಯನ್ನು ಕೈಬಿಟ್ಟದ್ದರಿಂದ ಸುದ್ದಿಯಾಯಿತು. ಅದರ ಸರ್ವರ್ ಭಾಗದ ಕ್ರಮವಿಧಿ ಹ್ಯಾಸ್ಕೆಲ್‌ನಲ್ಲಿಯೇ ಇದ್ದು, ಯಾರು ಬೇಕಾದರೂ ಓದಬಹುದಾದಂತೆ ಬಹಿರಂಗವಾಗಿದೆ.

ಆಟೋ ಬಾಡಿಗೆಯ ಲೆಕ್ಕವೂ ಮೇಲಿನ ಪಾಠವನ್ನೇ ಹೇಳುತ್ತದೆ. ಎರಡು ವೃತ್ತಗಳ ನಡುವಿನ ದೂರವನ್ನು ನೆನಪಿಟ್ಟುಕೊಳ್ಳಬಹುದು. ಬಾಡಿಗೆಯನ್ನು ಹಾಗೆ ಇಟ್ಟುಕೊಳ್ಳಲಾಗದು. ಬೆಂಗಳೂರಿನಲ್ಲಿ 2021ರ ಡಿಸೆಂಬರಿನಿಂದ ಮೊದಲ ಎರಡು ಕಿ.ಮೀ.ಗೆ 30 ರೂಪಾಯಿ ಇದ್ದ ಕನಿಷ್ಠ ದರ 2025ರ ಆಗಸ್ಟ್ 1ರಿಂದ 36 ಆಯಿತು. ರಾತ್ರಿ ವೇಳೆ ಅದರ ಒಂದೂವರೆ ಪಟ್ಟು. ದೂರ, ಗಂಟೆ, ದಿನಾಂಕ ಮೂರೂ ಕೂಡಿದರೆ ಮಾತ್ರ ಬಾಡಿಗೆ ಶುದ್ಧವಾದ ಲೆಕ್ಕವೆನಿಸುತ್ತದೆ.

ಪಾವತಿಯ ವಿಷಯದಲ್ಲಿ ಇನ್ನೂ ಒಂದು ಎಚ್ಚರಿಕೆ ಅಗತ್ಯ. ‘ಈ ಬಿಲ್ಲಿನ ಮೊತ್ತವೆಷ್ಟು’ ಎಂಬುದು ಲೆಕ್ಕ. ‘ಈ ಮೊತ್ತವನ್ನು ರೈತರ ಖಾತೆಗೆ ಕಳುಹಿಸು’ ಎಂಬುದು ಲೆಕ್ಕವಲ್ಲ, ಕೃತಿ. ಲೆಕ್ಕವನ್ನು ಎರಡು ಬಾರಿ ಮಾಡಿದರೆ ಸಮಯ ಮಾತ್ರ ವ್ಯರ್ಥ. ಕೃತಿಯನ್ನು ಎರಡು ಬಾರಿ ಮಾಡಿದರೆ ಹಣವೇ ಎರಡು ಬಾರಿ ಹೋಗುತ್ತದೆ. ‘ಹಿಂದೊಮ್ಮೆ ಇದೇ ಮೊತ್ತ ಇವರಿಗೇ ಕಳುಹಿಸಿದ್ದೇನೆ’ ಎಂದು ನೆನಪಿನ ಪುಸ್ತಕ ನೋಡಿ ಈ ಸಲ ಕಳುಹಿಸದಿದ್ದರೂ ಅನರ್ಥವೇ. ಯಾರೂ ಕೇಳಲಿಲ್ಲವೆಂದು ಮುಂದೂಡುತ್ತ ಕುಳಿತರಂತೂ ಹೇಳಬೇಕಾಗಿಲ್ಲ. ಹ್ಯಾಸ್ಕೆಲ್ ಭಾಷೆಯು ಈ ಎರಡನ್ನು ಬೆರೆಸಲು ಬಿಡುವುದಿಲ್ಲ. ಹೊರಜಗತ್ತಿನ ಮೇಲೆ ಪರಿಣಾಮ ಬೀರುವ ಕೃತಿಗಳಿಗೆ ಅದರಲ್ಲಿ ಬೇರೆಯೇ ಮುದ್ರೆ ಇದೆ. ಮುದ್ರೆಯಿಲ್ಲದ ಲೆಕ್ಕದೊಳಗೆ ಕೃತಿಯನ್ನು ಸೇರಿಸಿದರೆ ಕ್ರಮವಿಧಿ ಸಿದ್ಧವಾಗುವ ಹಂತದಲ್ಲಿಯೇ ತಿರಸ್ಕೃತವಾಗುತ್ತದೆ. ಹಣಕಾಸಿನ ಕೆಲಸಕ್ಕೆ ಇಂತಹ ಭಾಷೆಯನ್ನು ಆರಿಸಿಕೊಳ್ಳುವವರಿಗೆ ಈ ಕಟ್ಟುಪಾಡು ಬಹು ದೊಡ್ಡ ಆಕರ್ಷಣೆ.

ಗಿರಣಿ ಅಥವಾ ಅಡತ್ತಿ ಅಂಗಡಿಗೆ ತಂತ್ರಾಂಶ ಕೊಳ್ಳುವ ಸದಸ್ಯರು ಇದಾವ ಭಾಷೆಯಲ್ಲಿದೆಯೆಂದು ವಿಚಾರಿಸುವ ಅವಶ್ಯಕತೆ ಅಷ್ಟಾಗಿಲ್ಲ. ಆದರೆ ಹಣ ಕೊಡುವ ಮುನ್ನ ಮಾರಾಟಗಾರರ ಎದುರಿಗೇ ಒಂದು ಪರೀಕ್ಷೆ ಮಾಡಬಹುದು. ಇಂದಿನ ದರದಲ್ಲಿ ಒಂದು ಲೆಕ್ಕಪಟ್ಟಿ ಮುದ್ರಿಸಬೇಕು. ದರಪಟ್ಟಿಯಲ್ಲಿ ನಾಳೆಯಿಂದ ಜಾರಿಗೆ ಬರುವಂತೆ ಬೆಲೆ ಬದಲಿಸಬೇಕು. ನಾಳೆಯ ದಿನಾಂಕ ಹಾಕಿ ಅದೇ 180 ಚೀಲಗಳಿಗೆ ಮತ್ತೊಂದು ಪಟ್ಟಿ ಮುದ್ರಿಸಬೇಕು. ಬಳಿಕ ಮೊದಲಿನ ಪಟ್ಟಿಯನ್ನು ಪುನರ್ಮುದ್ರಿಸಿ ನೋಡಬೇಕು. ಎರಡನೆಯದರಲ್ಲಿ ಹಳೆಯ ದರ ಉಳಿದಿದ್ದರೆ ನೆನಪು ಹಳಸಿದೆ. ಪುನರ್ಮುದ್ರಿತ ಮೊದಲನೆಯದರಲ್ಲಿ ಹೊಸ ದರ ನುಸುಳಿದ್ದರೆ ದಿನಾಂಕವನ್ನು ಪ್ರಶ್ನೆಯಲ್ಲಿ ಸೇರಿಸಿಯೇ ಇಲ್ಲ. ಇವೆರಡರಲ್ಲಿ ಯಾವುದು ಕಂಡರೂ ತಂತ್ರಾಂಶವನ್ನು ತಿದ್ದಿಸಿಕೊಂಡ ಮೇಲೆಯೇ ಉಳಿದ ಹಣ ಪಾವತಿಸುವುದು ಲೇಸು.